ಅಮೃತಹಳ್ಳಿಗೆ ಕೂಡಿಕೆಗೆ ಹೋದದ್ದು

ಕಾಶಿಗೆ ಹೋಗಿ ಬಂದವರು ಬರೆಯುತ್ತಾರೆ, ದೆಹಲಿ ನೋಡಿ ಬಂದವರು ಬರೆಯುತ್ತಾರೆ. ನಾನು ಹೋದದ್ದು ಚಿಕ್ಕಬಳ್ಳಾಪುರದಿಂದ ಯಲಹಂಕದ ಪಕ್ಕದ ಅಮೃತಹಳ್ಳಿಗೆ. ಮೂವತ್ತು ಮೈಲಿಯ ಆಸುಪಾಸು. ಒಂದು ಬೆಳಿಗ್ಗೆ ಹೋದೆ, ಮರುದಿನ ಸಂಜೆ ಹಿಂತಿರುಗಿದೆ. ಇಷ್ಟಕ್ಕೆ ಪ್ರವಾಸವೆಂದು ಹೆಸರಿಡುವುದು ಹೆಚ್ಚಾಯಿತೆಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಂತೆ. ಬದನೆಕಾಯಿಯನ್ನೋ ಹಾಗಲಕಾಯಿಯನ್ನೋ ಬಿಟ್ಟು ಬಂದು ಊರಿಗೆಲ್ಲ ಹೇಳಿಕೊಳ್ಳುತ್ತಾರೆ. ನಾನು ಅಮೃತಹಳ್ಳಿಯಲ್ಲಿ ಬಿಟ್ಟು ಬಂದದ್ದು ಕಾಯಿಪಲ್ಲೆಯಲ್ಲ.

ಆಗ ನಾನು ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಐದಾರು ವರ್ಷವಾಗಿತ್ತು. ಮಗಳು ಪದ್ಮನಿಗೆ ಒಂಬತ್ತು. ಶಿಡ್ಲಘಟ್ಟದ ಕಡೆಯ ನನ್ನ ಗಂಡನ ಮನೆಯವರು ಹೆಣ್ಣು ಕೂಸು ತಾನೆ ಎಂದು ಅವಳನ್ನು ನನ್ನ ಜೊತೆಗೇ ಕಳಿಸಿದ್ದರು, ಗಂಡಾಗಿದ್ದರೆ ಇಟ್ಟುಕೊಳ್ಳುತ್ತಿದ್ದರು. ನಾನು, ಪದ್ಮ, ನಮ್ಮಮ್ಮನ ಅಕ್ಕ ಮುನಿವೆಂಕಟಮ್ಮ, ಮೂವರೂ ಒಂದು ಬಾಡಿಗೆ ಮನೆಯಲ್ಲಿದ್ದೆವು. ದೊಡ್ಡಮ್ಮನೂ ಗಂಡನನ್ನು ಕಳೆದುಕೊಂಡವಳೇ, ಆದರೆ ಅವಳಿಗೆ ಅದು ಹಳೆಯದಾಗಿ ಮರೆತೇ ಹೋಗಿತ್ತು.

ನಮ್ಮ ಮನೆಯ ಹಿಂದೆ ಕಲ್ಲು ಒಡೆಸುವವನೊಬ್ಬನ ಅಂಗಳವಿತ್ತು. ಅಮೃತಹಳ್ಳಿಯ ನಾರಾಯಣಪ್ಪನವರು ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ಬೇಕೆಂದು ಅಲ್ಲಿಗೆ ಬಂದರು. ಕಂಬ ಎತ್ತಿಸುವಾಗ ಅವರ ಅಂಗಿಯ ತೋಳು ಹರಿಯಿತು. ದೊಡ್ಡಮ್ಮ ಕರೆದು ಕೂರಿಸಿ ನನ್ನ ಕೈಲಿ ಹೊಲಿಸಿದಳು. ಅಂಗಿಗಿಂತ ಹೊಲಿಗೆಯೇ ಚೆನ್ನಾಗಿದೆ ಎಂದು ಅವರು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ದಾಟಿದ ಮನುಷ್ಯ, ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಮಕ್ಕಳಿರಲಿಲ್ಲ. ಒಂದು ಸಲ ಬಂದು ಒಯ್ಯಬಹುದಾಗಿದ್ದ ಕಂಬಗಳಿಗೆ ಅವರು ಮತ್ತೆ ಮತ್ತೆ ಬಂದರು. ಯಾಕೆ ಬರುತ್ತಾರೆಂದು ಕಲ್ಲಿನವನಿಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅವರು ಬರುವ ದಿನ ನಾನು ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದೆ.

ನಮ್ಮ ಜನರಲ್ಲಿ ಗಂಡ ಸತ್ತವಳು ಮತ್ತೆ ಗಂಡನನ್ನು ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಮದುವೆ ಎನ್ನುವುದಿಲ್ಲ, ಕೂಡಿಕೆ ಎನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ನಡೆಯಬೇಕು. ಚಪ್ಪರವಿಲ್ಲ, ಓಲಗವಿಲ್ಲ. ಮುತ್ತೈದೆಯರು ಆ ಹೊತ್ತಿಗೆ ಮುಖ ತೋರಿಸುವುದಿಲ್ಲ. ಗಂಡನಿಲ್ಲದ ಹೆಂಗಸರೇ ಹೊಸ ಸೀರೆ ಉಡಿಸಿ ಹಿತ್ತಲ ಬಾಗಿಲಿಂದ ಒಳಗೆ ಕರೆದುಕೊಳ್ಳುತ್ತಾರೆ. ಹಾಗೆ ಬಂದವಳು ಬದುಕಿರುವ ತನಕ ಕಳಶ ಮುಟ್ಟುವಂತಿಲ್ಲ, ಆರತಿ ಎತ್ತುವಂತಿಲ್ಲ. ಮೊದಲ ಗಂಡನ ಮನೆಯ ಒಡವೆಗಳನ್ನು ಹೊರಡುವ ಮುಂಚೆಯೇ ಹಿಂದಿರುಗಿಸಬೇಕು. ಮೊದಲ ಗಂಡನ ಮಕ್ಕಳೂ ಆ ಲೆಕ್ಕಕ್ಕೇ ಸೇರುತ್ತಾರೆ. ಇದೇ ನಾರಾಯಣಪ್ಪನವರು ಮದುವೆಯಾಗದ ಹುಡುಗಿಯನ್ನು ತಂದಿದ್ದರೆ ಹಗಲು ಹೊತ್ತಿನಲ್ಲೇ ಚಪ್ಪರ ಹಾಕಿ, ಓಲಗ ಊದಿಸಿ, ಊರಿಗೆಲ್ಲ ಊಟ ಹಾಕುತ್ತಿದ್ದರು. ಹೆಂಡತಿ ಸತ್ತ ಗಂಡಸಿಗೆ ಕತ್ತಲೆ ಬೇಕಾಗಿಲ್ಲ.

ನಾನು ಇದಕ್ಕೆಲ್ಲ ಹೂಂ ಅಂದೆ. ಒಡವೆ ಕಳಿಸಿಕೊಟ್ಟೆ. ಕಳಶದ ಮೇಲೆ ನನಗೇನೂ ಆಸೆಯಿರಲಿಲ್ಲ. ಒಂದು ಮಾತನ್ನು ಮಾತ್ರ ಅವರ ಎದುರಿಗೇ ನಿಂತು ಹೇಳಿದೆ: ನಾನು ಬರುವುದಾದರೆ ಪದ್ಮನೂ ಬರುತ್ತಾಳೆ. ನನ್ನ ಮನೆ ಯಾವುದೋ ಅವಳ ಮನೆಯೂ ಅದೇ. ಅವರು ಅವಳ ತಲೆಯ ಮೇಲೆ ಕೈಯಿಟ್ಟು, ಅದಕ್ಕೇನಂತೆ ಬರಲಿ ಎಂದರು. ಆ ಮಾತಿನ ಮೇಲೆ ನಾನು ಹೊರಟೆ.

ಮಾಘ ಮಾಸ. ನಯಾಪೈಸೆ ಬಂದು ಒಂದೆರಡು ವರ್ಷವಾಗಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ಟಿಕೆಟ್ಟಿನ ಕಿಟಕಿಯಲ್ಲಿ ದೊಡ್ಡಮ್ಮ ಒಬ್ಬಳೇ ಅರ್ಧ ಗಳಿಗೆ ವಾದ ಮಾಡಿದಳು. ನಮಗಿಬ್ಬರಿಗೆ ಎರಡು, ಪದ್ಮನಿಗೆ ಅರ್ಧ. ಒಬ್ಬೊಬ್ಬರಿಗೆ ರೂಪಾಯಿಗೆ ಸ್ವಲ್ಪ ಕಡಿಮೆಯಾಯಿತು. ನಮ್ಮದು ಸಣ್ಣ ರೈಲು, ಹಳಿಗಳ ನಡುವೆ ಒಂದು ಎಮ್ಮೆ ಅಡ್ಡ ನಿಂತರೆ ಎರಡು ಕಡೆಯೂ ಹೊರಕ್ಕೆ ಬರುವಷ್ಟು ಅಗಲ. ಮರದ ಬೆಂಚು, ಕಿಟಕಿಯಿಂದ ಕಲ್ಲಿದ್ದಲ ಕಸ. ಚಳಿಗೆ ದೊಡ್ಡಮ್ಮ ಕಂಬಳಿ ಹೊದ್ದು ಕೂತಳು. ಪದ್ಮ ಕಿಟಕಿ ಬಿಟ್ಟು ಕದಲಲಿಲ್ಲ.

ನಂದಿ ಬೆಟ್ಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ನಂದಿಯ ನಿಲುಗಡೆಯಲ್ಲಿ ಹೂಕೋಸಿನ ಮಂಕರಿಗಳು ಏರಿದವು, ನಮ್ಮ ಕಾಲಿಗೆ ಜಾಗವಿಲ್ಲದಾಯಿತು. ವೆಂಕಟಗಿರಿಕೋಟೆ, ಆವತಿ ಎಂದು ಎಲ್ಲ ಕಡೆಯೂ ನಿಂತು ನಿಂತು ಹೊರಟಿತು. ದೇವನಹಳ್ಳಿಯಲ್ಲಿ ಚಕ್ಕೋತ ಮಾರುವವರು ಬಂದರು. ಒಂದು ಹಣ್ಣು ಕೊಂಡು ಸುಲಿದು ಮೂವರೂ ತಿಂದೆವು. ಎದುರಿಗೆ ಕೂತ ಹೆಂಗಸೊಬ್ಬಳು ಎಲ್ಲಿಗೆ ಎಂದಳು. ನೆಂಟರ ಮನೆಗೆ ಎಂದು ದೊಡ್ಡಮ್ಮ ಹೇಳಿದಳು. ಆ ಹೆಂಗಸು ನನ್ನ ಖಾಲಿ ಹಣೆ, ಹೊಸ ಚೀಲ, ಬಾಚಿ ಹೂ ಮುಡಿಸಿದ ಮಗು ಎಲ್ಲವನ್ನೂ ಒಂದು ಸುತ್ತು ನೋಡಿ, ಅರ್ಥವಾಯಿತೆನ್ನುವಂತೆ ತಲೆಯಾಡಿಸಿ, ಪದ್ಮನಿಗೆ ಎರಡು ತೊಳೆ ಹೆಚ್ಚಿಗೆ ಕೊಡಿ ಎಂದಳು. ಅದು ನಮ್ಮದೇ ಹಣ್ಣು.

ದೊಡ್ಡಜಾಲ, ಬೆಟ್ಟಹಲಸೂರು ಕಳೆದು ಯಲಹಂಕದಲ್ಲಿ ಇಳಿದಾಗ ಬಿಸಿಲು ಏರಿತ್ತು. ನಾರಾಯಣಪ್ಪನವರು ಗಾಡಿ ಕಟ್ಟಿಕೊಂಡು ಬಂದು ನಿಂತಿದ್ದರು. ನಾನು ಹೊಲಿದ ಅಂಗಿಯನ್ನೇ ತೊಟ್ಟಿದ್ದರು. ಗಾಡಿಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹಾಸಿದ್ದರು. ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಹೋಗುವಾಗ ಎತ್ತುಗಳಿಗೆ ನೀರು ಕುಡಿಸಿದರು. ಜಕ್ಕೂರಿನ ಮೈದಾನದ ಹತ್ತಿರ ಒಂದು ಪುಟ್ಟ ವಿಮಾನ ತಲೆಯ ಮೇಲೆ ಎಷ್ಟು ತಗ್ಗಿನಲ್ಲಿ ಹಾದುಹೋಯಿತೆಂದರೆ ದೊಡ್ಡಮ್ಮ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಒಳಗೆ ಕೂತವನ ಕನ್ನಡಕ ಕಂಡಿತೆಂದು ಪದ್ಮ ಸಾಧಿಸಿದಳು. ತನಗೂ ದಿನಾ ಕಾಣುತ್ತದೆ, ಒಂದು ದಿನ ಅವನು ಇಳಿದು ದ್ರಾಕ್ಷಿ ಕೇಳುತ್ತಾನೆ ನೋಡು ಎಂದು ಅವರು ಅವಳ ಜೊತೆ ಸೇರಿಕೊಂಡರು.

ಅವರ ಮನೆ ಊರಿನ ಕೊನೆಗಿತ್ತು. ಹೆಂಚಿನ ಮನೆ, ಹಿಂದೆಯೇ ತೋಟ. ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅವರ ಅಕ್ಕ ಅಕ್ಕಯ್ಯಮ್ಮ. ಅವಳ ಗಂಡನ ಮನೆ ಕೊಡಿಗೇಹಳ್ಳಿ. ತಮ್ಮನ ಹೆಂಡತಿ ಸತ್ತ ಮೇಲೆ ದಿನಾ ಬೆಳಿಗ್ಗೆ ಅಲ್ಲಿಂದ ನಡೆದು ಬಂದು, ಇಲ್ಲಿ ಮುದ್ದೆ ತಿರುವಿಟ್ಟು, ಸಂಜೆಗೆ ಮತ್ತೆ ನಡೆದು ಹೋಗುತ್ತಿದ್ದಳು. ನನಗೆ ಅವಳ ಮೇಲೆ ಮೊದಲ ಗಳಿಗೆಯಲ್ಲೇ ಗೌರವ ಬಂತು. ಒಳ್ಳೆಯ ಕೈ, ಕಡಿಮೆ ಮಾತು. ಅವರೇಕಾಯಿ ಸಾರು ಮಾಡಿ ಮೂವರಿಗೂ ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ಪದ್ಮ ಖಾರಕ್ಕೆ ಕಣ್ಣೀರು ಸುರಿಸಿದ್ದನ್ನು ನೋಡಿ ಎದ್ದು ಹೋಗಿ ಬೆಲ್ಲ ತಂದುಕೊಟ್ಟಳು. ಈ ಮಗು ಖಾರ ತಿನ್ನಾಕಿಲ್ವಾ ಎಂದು ಕೇಳಿ, ನೆನಪಿಟ್ಟುಕೊಳ್ಳುವವಳಂತೆ ತಲೆಯಾಡಿಸಿದಳು.

ಮಧ್ಯಾಹ್ನದ ಮೇಲೆ ತೋಟ ನೋಡಲು ಹೋದೆವು. ಕಲ್ಲುಕಂಬಗಳ ಮೇಲೆ ಚಪ್ಪರ, ಚಪ್ಪರದ ತುಂಬ ಬಳ್ಳಿ. ಅದರ ಕೆಳಗೆ ಹೊಕ್ಕರೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತಿತ್ತು. ಹಣ್ಣು ಹಸಿರಿನಿಂದ ಕಪ್ಪಿಗೆ ತಿರುಗುತ್ತಿತ್ತು, ಕುಯ್ಲಿಗೆ ಇನ್ನೊಂದು ತಿಂಗಳಿತ್ತು. ಗೊರವಂಕಗಳು ಗೊಂಚಲಿಗೆ ಮುತ್ತಿಗೆ ಹಾಕಿದ್ದವು. ಅವರು ಒಂದು ತಗಡಿನ ಡಬ್ಬ ಬಡಿಯುತ್ತ, ಒಂದೊಂದು ಹಕ್ಕಿಯನ್ನೂ ಊರಿನ ದೊಡ್ಡವರ ಹೆಸರಿಟ್ಟು ಬೈದರು. ಬಾಲ ಕುಣಿಸುವುದು ಪಟೇಲರು, ತಿನ್ನದೆ ಕುಕ್ಕಿ ಹಾಳುಮಾಡುವುದು ಶಾನುಭೋಗರು, ಮೂಲೆಯಲ್ಲಿ ಕೂತು ಬೇರೆಯವರನ್ನು ಕರೆಯುವುದು ಅವರ ಸ್ವಂತ ಭಾವ. ಏನ್ ಪಟೇಲ್ರೇ, ಉಂಡು ಬಂದ್ರೋ ಇಲ್ಲೇ ಉಣ್ತೀರೋ ಎಂದು ಕೈಮುಗಿದು ಕೇಳಿ ಡಬ್ಬ ಬಡಿಯುತ್ತಿದ್ದರು. ನಾನು ನಕ್ಕೆ. ಸೆರಗು ಬಾಯಿಗೆ ಅಡ್ಡ ಹಿಡಿಯದೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಗಂಡ ಸತ್ತಾಗಿನಿಂದ ನನ್ನ ನಗೆ ನನಗೇ ಕೇಳಿಸಿರಲಿಲ್ಲ.

ಪದ್ಮ ಮುಂದೆ ಓಡಿದಾಗ ನಾವಿಬ್ಬರೇ ಒಂದು ಕಂಬದ ಹತ್ತಿರ ನಿಂತೆವು. ಅವರು ಕಂಬವನ್ನು ತಟ್ಟಿ, ಇದು ಎರಡನೇ ಸಲ ಬಂದಾಗ ತಂದದ್ದು ಎಂದರು. ಅದರ ಆಚೆಯದು ಮೂರನೆಯ ಸಲದ್ದು. ತೋಟಕ್ಕೆ ಇಷ್ಟು ಕಂಬ ಬೇಕೇ ಇರಲಿಲ್ಲವಂತೆ. "ಮನೇಲಿ ಮಾತಾಡೋರು ಒಬ್ರು ಬೇಕು ಮೇಷ್ಟ್ರಮ್ಮ" ಅಂದರು. "ಎತ್ತುಗಳ ಜೊತೆ ಎಷ್ಟೂಂತ ಮಾತಾಡ್ಲಿ." ನನಗೆ ಆ ಮನುಷ್ಯ ಇಷ್ಟವಾಗಿದ್ದರು. ಈಗಲೂ ಅದನ್ನು ತಿದ್ದಿ ಬರೆಯಲು ನನಗೆ ಮನಸ್ಸಿಲ್ಲ. ಆ ಸಂಜೆ ಇಡೀ ನಾನು ಆ ಮನೆಯ ಕಿಟಕಿಗಳಿಗೆ ಎಂಥ ಪರದೆ ಹೊಲಿಯಬೇಕು ಎಂದು ಯೋಚಿಸುತ್ತಿದ್ದೆ.

ಮರುದಿನ ಸಂಜೆಗೆ ಕೂಡಿಕೆ. ಬೆಳಿಗ್ಗೆ ಅವರು ಪದ್ಮನನ್ನು ಕರೆದುಕೊಂಡು ತೋಟಕ್ಕೆ ಹೋಗಿ, ಅವಳ ಲಂಗದ ಮಡಿಲಲ್ಲಿ ಮೊದಲು ಕಪ್ಪಾದ ಹಣ್ಣುಗಳನ್ನು ತುಂಬಿಸಿ ಕಳಿಸಿದರು. ನಾನು ತಲೆಗೆ ನೀರು ಹಾಕಿಕೊಂಡೆ. ಅಕ್ಕಯ್ಯಮ್ಮ ಹೊಸ ಸೀರೆ ತಂದು ತೋರಿಸಿದಳು, ಊದಾ ಬಣ್ಣಕ್ಕೆ ಸಣ್ಣ ಅಂಚು. ತಾನೇ ಪೇಟೆಗೆ ಹೋಗಿ ಆರಿಸಿದ್ದಾಗಿ, ಮುತ್ತೈದೆಯಾದ್ದರಿಂದ ಸಂಜೆ ಮಾತ್ರ ತಾನು ಇರುವಂತಿಲ್ಲವೆಂದು ಹೇಳಿದಳು. ಆ ಮಾತಿನಲ್ಲಿ ಬೇಸರವಿತ್ತು. ಹೆತ್ತವಳ ಕೂಡಿಕೆಯನ್ನು ಮಗು ನೋಡಬಾರದು, ಅದಕ್ಕೇ ಪದ್ಮ ಈ ರಾತ್ರಿ ಪಕ್ಕದ ಬೀದಿಯ ಒಬ್ಬ ಅಜ್ಜಿಯ ಮನೆಯಲ್ಲಿ ಮಲಗಲಿ ಎಂದೂ ಹೇಳಿದಳು. ನನಗೆ ಅದು ತಪ್ಪೆನಿಸಲಿಲ್ಲ. ಒಂದು ರಾತ್ರಿ, ಪಕ್ಕದ ಬೀದಿ.

ಕೂಡಿಕೆ ನಡೆದ ಮನೆಯ ಒಲೆಯನ್ನು ಮುತ್ತೈದೆಯರು ಮರುದಿನ ಹೊತ್ತು ಏರುವ ತನಕ ಮುಟ್ಟುವುದಿಲ್ಲ. ದೊಡ್ಡಮ್ಮ ಬೆಳಗಿನ ರೈಲಿಗೆ ಹೊರಡುವವಳು. ಆದ್ದರಿಂದ ಅವಳ ಬುತ್ತಿಯನ್ನು ಹಗಲಿರುವಾಗಲೇ ಕಟ್ಟಿಡಬೇಕಾಗಿತ್ತು. ಊಟವಾದ ಮೇಲೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕಯ್ಯಮ್ಮ ಹುಳಿಯನ್ನ ಕಲಸಿ ಮುತ್ತುಗದ ಎಲೆಗೆ ಕಟ್ಟುತ್ತಿದ್ದಳು. ದೊಡ್ಡದೊಂದು ಪೊಟ್ಟಣ ಕಟ್ಟಿ ಮುಗಿದಿತ್ತು. ಅದರ ಪಕ್ಕದಲ್ಲಿ ಚಿಕ್ಕದೊಂದು ಪೊಟ್ಟಣ ಇನ್ನೂ ಬಿಚ್ಚಿಕೊಂಡಿತ್ತು. ಅದರಲ್ಲಿ ಹುಳಿಯಿಲ್ಲ, ಮೆಣಸಿನಕಾಯಿಯಿಲ್ಲ. ಬೆಳ್ಳಗಿನ ಮೊಸರನ್ನ, ಮೂಲೆಯಲ್ಲಿ ಒಂದು ಉಂಡೆ ಬೆಲ್ಲ.

ಪಕ್ಕದ ಬೀದಿಗೆ ಹೋಗುವವರಿಗೆ ಯಾರೂ ಬುತ್ತಿ ಕಟ್ಟುವುದಿಲ್ಲ.

ಇದು ಯಾರಿಗೆ ಎಂದು ಕೇಳಿದೆ. ಅಕ್ಕಯ್ಯಮ್ಮನ ಕೈ ನಿಂತಿತು. ಸುಳ್ಳು ಹೇಳಲು ಬಾರದ ಹೆಂಗಸು ಅವಳು. ಎಲೆಯ ಮೇಲೆ ಎಲೆ ಮಡಿಸಿದಳು. ಜಗುಲಿಯಲ್ಲಿದ್ದ ದೊಡ್ಡಮ್ಮನನ್ನು ಕರೆದೆ. ಅವಳು ಒಳಗೆ ಬಂದು ಪೊಟ್ಟಣ ನೋಡಿ, ನನ್ನ ಮುಖ ನೋಡಿ, ಗೋಡೆಗೆ ಒರಗಿ ಕೂತುಬಿಟ್ಟಳು. ಆಮೇಲೆ ಒಂದೊಂದಾಗಿ ಬಂತು. ಈ ಊರಿನ ಯಜಮಾನರು, ಕೂಡಿಕೆಯವಳು ಬರಲಿ, ಅವಳ ಜೊತೆಗೆ ಇನ್ನೊಂದು ಕುಲದ ಮಗು ಬೇಡ ಎಂದಿದ್ದರು. ನಾಳೆ ಆ ಹುಡುಗಿಯ ಮದುವೆಗೆ ಧಾರೆ ಎರೆಯುವವರು ಯಾರು, ಯಾವ ಮನೆದೇವರ ಹೆಸರು ಹೇಳುವುದು ಎಂದು ಕೇಳಿದ್ದರು. ಶಿಡ್ಲಘಟ್ಟಕ್ಕೆ ಹೇಳಿ ಕಳಿಸಿದ್ದರು. ಅವರೂ ಒಪ್ಪಿದ್ದರು, ಹುಡುಗಿ ಈಗ ಕೈಗೂಸನ್ನು ಎತ್ತಿಕೊಳ್ಳುವಷ್ಟು ದೊಡ್ಡವಳಾಗಿದ್ದಾಳಲ್ಲ. ಬೆಳಿಗ್ಗೆ ನಾನು ಏಳುವ ಮುಂಚೆ ದೊಡ್ಡಮ್ಮ ಅವಳನ್ನು ರೈಲು ಹತ್ತಿಸಿ, ನೇರ ಅವಳ ಚಿಕ್ಕಪ್ಪನ ಮನೆಗೆ ಬಿಟ್ಟು ಬರುವುದೆಂದು ತೀರ್ಮಾನವಾಗಿತ್ತು.

"ಒಂದಿನ ಅಳ್ತಿದ್ದೆ, ಎರಡು ದಿನ ಅಳ್ತಿದ್ದೆ" ಅಂದಳು ದೊಡ್ಡಮ್ಮ. "ಆಮೇಲೆ ನಿಂಗೇ ಸರಿ ಅನ್ನಿಸ್ತಿತ್ತು ಕಣೇ ಜಯ. ನನ್ನಂಗೆ ಮುದುಕಿ ಆಗೋಗಂಟ ಒಬ್ಳೇ ಇರ್ತೀಯಾ?"

ನನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳ ಮೇಲೆ ಕೈ ಮಾಡಬೇಕೆನ್ನಿಸಿತು ಎಂದು ಬರೆದರೆ ಓದುವವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ, ಆದರೆ ಅನ್ನಿಸಿತು. ಅದಕ್ಕಿಂತ ಹೆಚ್ಚು ಉರಿದದ್ದು ಆ ಬೆಲ್ಲದ ಉಂಡೆಯನ್ನು ನೋಡಿ. ಮಗುವಿಗೆ ಖಾರ ಸೇರುವುದಿಲ್ಲವೆಂದು ಅಷ್ಟು ಮುತುವರ್ಜಿಯಿಂದ ನೆನಪಿಟ್ಟುಕೊಂಡವರಿಗೆ, ಅದಕ್ಕೆ ತಾಯಿಯೊಬ್ಬಳಿದ್ದಾಳೆನ್ನುವುದು ನೆನಪಿಗೆ ಬರಲಿಲ್ಲ. ಕೆಟ್ಟವರಾಗಿದ್ದರೆ ಸುಲಭವಾಗಿತ್ತು. ಒಬ್ಬರೂ ಕೆಟ್ಟವರಿರಲಿಲ್ಲ.

ನಾರಾಯಣಪ್ಪನವರನ್ನು ಯಾರು ಕರೆದರೋ, ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಸಂಜೆ ನನ್ನನ್ನು ಒಳಗೆ ಕರೆದುಕೊಳ್ಳಬೇಕಾಗಿದ್ದ ಬಾಗಿಲು. ನಿಮಗೂ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದರು. ಯಜಮಾನರ ಹತ್ತಿರ ವಾದ ಮಾಡಿದ್ದಾಗಿ, ಸೋತದ್ದಾಗಿ, ಕುಯ್ಲು ಮುಗಿದು ಎಲ್ಲರ ಬಾಯಿ ತಣ್ಣಗಾದ ಮೇಲೆ ತಾವೇ ಶಿಡ್ಲಘಟ್ಟಕ್ಕೆ ಹೋಗಿ ಮಗುವನ್ನು ಕರೆತರುವುದೆಂದು ಮನಸ್ಸು ಮಾಡಿದ್ದಾಗಿ ಹೇಳಿದರು. ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?"

ಅವರು ನೆಲ ನೋಡಿದರು. "ಏಳಿದ್ರೆ ನೀವು ಬರ್ತಿರ್ಲಿಲ್ಲ."

ಆ ಮಾತು ನಿಜ. ಹಾಗೆ ನಿಜವನ್ನು ಎದುರಿಗಿಟ್ಟ ಮೇಲೆ ಇನ್ನೇನು ಜಗಳವಾಡುವುದು. ಊದಾ ಸೀರೆಯನ್ನು ಮಡಿಕೆ ಕೆಡದ ಹಾಗೆ ಪೆಟ್ಟಿಗೆಯ ಮೇಲಿಟ್ಟೆ. ಜಗುಲಿಯ ತುದಿಯಲ್ಲಿ ಪದ್ಮ ದ್ರಾಕ್ಷಿ ತಿಂದು ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅವಳ ಕೈ ತೊಳೆಸಿ, ನಮ್ಮ ಚೀಲ ತೆಗೆದುಕೊಂಡೆ. ಅಕ್ಕಯ್ಯಮ್ಮ ಹಿಂದೆಯೇ ಬಂದು ಚಿಕ್ಕ ಪೊಟ್ಟಣವನ್ನು ಪದ್ಮನ ಕೈಗೆ ಕೊಟ್ಟಳು. ದೊಡ್ಡಮ್ಮ ಮಾತ್ರ ಎದ್ದು ಬರಲಿಲ್ಲ. ಈ ಮುಖ ಇಟ್ಟುಕೊಂಡು ನಿನ್ನ ಜೊತೆ ಹೇಗೆ ಬರಲಿ, ನಾಳೆ ಬರುತ್ತೇನೆ ಎಂದಳು.

ನಡೆದೇ ಹೋಗುತ್ತೇನೆಂದು ಹೊರಟರೂ ಅವರು ಬಿಡಲಿಲ್ಲ, ಗಾಡಿ ಕಟ್ಟಿದರು. ಈ ಸಲ ಜಮಖಾನ ಹಾಸಿರಲಿಲ್ಲ, ಹುಲ್ಲು ಮಾತ್ರ. ಹಿಂದಿನ ದಿನ ಬಂದ ದಾರಿಯೇ. ಪಟೇಲರ ಮನೆ ಮುಂದೆ ಹಾದುಹೋಗುವಾಗ ಜಗುಲಿಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಹಗಲು ಹೊತ್ತಿನಲ್ಲಿ, ಮುಂಬಾಗಿಲ ಬೀದಿಯಲ್ಲಿ, ಅವರ ಗಾಡಿಯಲ್ಲಿ ನಾನು ಕೂತಿದ್ದೆ. ಕೂಡಿಕೆಯಾಗಿದ್ದರೆ ಅದು ಸಿಗುತ್ತಿರಲಿಲ್ಲ. ಜಕ್ಕೂರಿನ ಮೈದಾನದಲ್ಲಿ ವಿಮಾನಗಳು ನೆಲದ ಮೇಲೆ ನಿಂತಿದ್ದವು. ಅಲ್ಲಾಳಸಂದ್ರದ ಏರಿಯ ಮೇಲೆ ಎತ್ತುಗಳನ್ನು ನಿಲ್ಲಿಸಿ, ತಿರುಗಿ ನೋಡದೆ, ಕುಯ್ಲಾದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುತ್ತೇನೆ ಎಂದರು. ನಾನು ಬನ್ನಿ ಎನ್ನಲೂ ಇಲ್ಲ, ಬರಬೇಡಿ ಎನ್ನಲೂ ಇಲ್ಲ. ಕುಯ್ಲಾಯಿತು. ಮುಂದಿನ ವರ್ಷದ್ದೂ ಆಯಿತು. ಅವರು ಬರಲಿಲ್ಲ. ನಾನು ಕಾದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬರದವರಿಗೆ ಇರಬೇಕು ಅದು.

ಯಲಹಂಕದಲ್ಲಿ ಸಂಜೆಯ ರೈಲು ಹೊರಡುವುದಕ್ಕೆ ಸಿದ್ಧವಾಗಿತ್ತು. ಟಿಕೆಟ್ಟನ್ನು ನಾನೇ ಕೊಂಡೆ, ಒಂದು ಪೂರ್ತಿ, ಒಂದು ಅರ್ಧ. ಅವರು ನಮ್ಮ ಚೀಲವನ್ನು ಒಳಗೆ ಎತ್ತಿಟ್ಟು ಕೆಳಗಿಳಿದರು. ಪದ್ಮನ ಕೆನ್ನೆ ಮುಟ್ಟಿದರು. ನನಗೆ ಕೈಮುಗಿದರು, ನಾನೂ ಮುಗಿದೆ. ರೈಲು ಹೊರಡುವ ಮೊದಲೇ ಎತ್ತುಗಳು ಬೆದರುತ್ತವೆಂದು ಗಾಡಿಯ ಕಡೆಗೆ ಹೋದರು.

ರೈಲಿನಲ್ಲಿ ಜನ ಕಡಿಮೆ. ಮಂಕರಿಗಳೆಲ್ಲ ಖಾಲಿಯಾಗಿ ವಾಪಸಾಗುತ್ತಿದ್ದವು. ಬೆಟ್ಟಹಲಸೂರಿನಲ್ಲಿ ಕಲ್ಲು ಕೆಲಸದವರು ಹತ್ತಿ, ಮೈಯೆಲ್ಲ ಬಿಳಿ ಪುಡಿಯಾಗಿಯೇ ಕೂತು ತೂಕಡಿಸಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಲಿದ್ದಲ ಕಸ ಕಣ್ಣಿಗೆ ಬಿತ್ತು ಎಂದು ಪದ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. ನಾನು ಅವಳಿಗೆ ಹೇಳಲೇಬೇಕಾದ ಮಾತೊಂದಿತ್ತು, ಅದನ್ನು ಮನಸ್ಸಿನಲ್ಲೇ ಮಡಿಸುತ್ತಿದ್ದೆ: ನಿನ್ನನ್ನು ಬಿಟ್ಟು ನಾನು ಎಲ್ಲಿಯೂ ಇರುವುದಿಲ್ಲ, ಅದಕ್ಕೇ ಹೊರಟು ಬಂದೆ. ಅದನ್ನು ಹೇಳಿ ಅವಳನ್ನು ತಬ್ಬಿಕೊಂಡರೆ ನನ್ನ ಉರಿ ಸ್ವಲ್ಪ ಆರುತ್ತದೆಂದುಕೊಂಡೆ. ಅವಳು ನನಗಿಂತ ಮೊದಲು ಬಾಯಿ ಬಿಟ್ಟಳು.

ಬೈಯುವುದಿಲ್ಲ ತಾನೆ ಎಂದು ಮೊದಲು ಮಾತು ತೆಗೆದುಕೊಂಡಳು. ಆಮೇಲೆ, "ಅವರು ನನ್ನ ಕೇಳಿದ್ರು ಅಮ್ಮ" ಅಂದಳು.

ಬೆಳಿಗ್ಗೆ ತೋಟದಲ್ಲಿ ನಾರಾಯಣಪ್ಪನವರು ಅವಳ ಎತ್ತರಕ್ಕೆ ಸರಿಯಾಗಿ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ್ದರು. ಊರಿನವರು ಒಪ್ಪುತ್ತಿಲ್ಲ, ಈಗ ಸ್ವಲ್ಪ ದಿನ ಚಿಕ್ಕಪ್ಪನ ಮನೆಯಲ್ಲಿರಬೇಕು, ಆಮೇಲೆ ನಾನೇ ಬಂದು ಕರೆತರುತ್ತೇನೆ. ನೀನು ಬೇಡವೆಂದರೆ ಬೇಡ, ಈಗಲೇ ಹೋಗಿ ಆಗುವುದಿಲ್ಲವೆಂದು ಅವರಿಗೆ ಹೇಳಿಬಿಡುತ್ತೇನೆ, ಎಂದೂ ಹೇಳಿದ್ದರಂತೆ. ಅಮ್ಮನಿಗೆ ಹೇಳಬೇಡವೆಂದು ಹೇಳಿದ್ದರಂತೆ. ಪದ್ಮ ಹೂಂ ಅಂದಿದ್ದಳು.

ಯಜಮಾನರನ್ನು ಕೇಳಿದ್ದರು. ಅಕ್ಕನನ್ನು ಕೇಳಿದ್ದರು. ದೊಡ್ಡಮ್ಮನನ್ನು ಕೇಳಿದ್ದರು, ಶಿಡ್ಲಘಟ್ಟದವರನ್ನು ಕೇಳಿದ್ದರು. ಕೊನೆಗೆ ಒಂಬತ್ತು ವರ್ಷದ ಮಗುವನ್ನೂ ಮಣ್ಣಿನಲ್ಲಿ ಕೂತು ಕೇಳಿದ್ದರು. ಆ ಮನೆಗೆ ಹೋಗಬೇಕಾಗಿದ್ದವಳು ನಾನು. ನನ್ನೊಬ್ಬಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಾನೂ ಅವರ ಜೊತೆ ಯಜಮಾನರ ಎದುರಿಗೆ ನಿಲ್ಲುತ್ತಿದ್ದೆ. ಇಬ್ಬರೂ ಸೋತಿದ್ದರೂ ಜೊತೆಯಲ್ಲಿ ಸೋತ ಹಾಗಾಗುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ನೀನು ಯಾಕೆ ಹೂಂ ಅಂದೆ ಎಂದು ಪದ್ಮನನ್ನು ಕೇಳಿದೆ. ಅವಳು ಲಂಗದ ಮೇಲಿನ ದ್ರಾಕ್ಷಿಯ ಕಲೆಯನ್ನು ಉಜ್ಜುತ್ತಿದ್ದಳು.

"ನೀನು ಅಲ್ಲಿ ನಕ್ಕೆಯಲ್ಲ, ಅದಕ್ಕೆ."

ಹೇಳಬೇಕೆಂದು ಮಡಿಸಿಟ್ಟುಕೊಂಡಿದ್ದ ಮಾತನ್ನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ದೊಡ್ಡಜಾಲ ಬಂತು, ಯಾರೋ ಇಳಿದರು, ಯಾರೂ ಹತ್ತಲಿಲ್ಲ. ರೈಲು ಮತ್ತೆ ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದೆ. ಅಮೃತಹಳ್ಳಿ ಅಲ್ಲಿಂದ ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು. ಹೊತ್ತು ಮುಳುಗುತ್ತಿತ್ತು, ಕೂಡಿಕೆಗೆ ಸರಿಯಾದ ಹೊತ್ತು.